ಮುಟ್ಟು ನಿಲ್ಲುವ ಕಾಲದ ಮೊದಲ ಗುರುತುಗಳು

(ಸಂಘದ ರಜತ ಮಹೋತ್ಸವದ ಅಂಗವಾಗಿ ವನದುರ್ಗದಲ್ಲಿ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕಿಯೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಾಲ, ಬಡ್ಡಿ, ಗೊಬ್ಬರ, ಠೇವಣಿ ಇವುಗಳ ಬಗ್ಗೆ ಅಧ್ಯಕ್ಷರು ಸವಿಸ್ತಾರವಾಗಿ ಮಾತನಾಡಿದ್ದಾರೆ. ಹೆಣ್ಣುಮಕ್ಕಳ ಪರವಾಗಿ ನೀವೂ ಎರಡು ಮಾತು ಹೇಳಿರಿ ಎಂದು ನಮಗೆ ಅಪ್ಪಣೆಯಾಗಿದೆ. ನಾವು ಇವತ್ತು ಹೇಳಬೇಕೆಂದಿರುವುದು ಹೆಂಗಸರಿಗೆ ಮುಟ್ಟು ನಿಲ್ಲುವ ಕಾಲದ ವಿಷಯ. ಇದನ್ನು ಕೇಳಿ ಹಿಂದಿನ ಸಾಲಿನ ಗಂಡಸರು ಚಹಾದ ನೆಪ ಮಾಡಿ ಏಳಬಹುದು. ದಯವಿಟ್ಟು ಏಳಬೇಡ್ರಿ. ನಿಮ್ಮ ಮನೆಯಲ್ಲೂ ಅವ್ವ ಇದ್ದಾಳೆ, ಹೆಂಡತಿ ಇದ್ದಾಳೆ, ಅಕ್ಕ ಇದ್ದಾಳೆ. ದವಾಖಾನೆಯ ಖರ್ಚಿಗೆ ರೊಕ್ಕ ಹೊಂದಿಸುವವರು ನೀವೇ.

ಇಂಥ ಮಾತು ಸಂಘದ ಸಭೆಯಲ್ಲಿ ಯಾಕೆ ಎಂದು ಕೇಳುವವರು ಇದ್ದಾರೆ. ಉತ್ತರ ನಮ್ಮ ಸಾಲದ ಅರ್ಜಿಗಳಲ್ಲೇ ಇದೆ. ಬೀಜ-ಗೊಬ್ಬರಕ್ಕೆಂದು ಎತ್ತಿದ ಬೆಳೆಸಾಲ ಹೊಲಕ್ಕೆ ಹೋಗದೆ ಆಪರೇಷನ್ನಿಗೆ ಹೋದದ್ದನ್ನು ನಾವು ನಿರ್ದೇಶಕರಾದ ಮೇಲೆ ಒಂದೆರಡು ಸಲವಲ್ಲ, ಹಲವು ಸಲ ನೋಡಿದ್ದೇವೆ. ಕಥೆ ಹೆಚ್ಚು-ಕಡಿಮೆ ಒಂದೇ. ನಲವತ್ತರ ಆಸುಪಾಸಿನ ಹೆಣ್ಣುಮಗಳು. ಮುಟ್ಟು ಏರುಪೇರಾಯಿತು, ಟೊಂಕ ನೋವು, ಸುಸ್ತು. ಪಟ್ಟಣದ ಯಾವುದೋ ದವಾಖಾನೆಗೆ ಹೋದಳು. ಸ್ಕ್ಯಾನಿಂಗ್ ಮಾಡಿ, “ಚೀಲ ಕೆಟ್ಟದ, ತೆಗೆಸದಿದ್ರ ಮುಂದ ಕ್ಯಾನ್ಸರ್ ಆಗ್ತದ” ಎಂದರು. ಮನೆಯವರು ಹೆದರಿದರು. ಕೊರಳ ಬಂಗಾರ ಅಡವು ಬಿತ್ತು, ಸಂಘದ ಕಂತು ಬಾಕಿ ಉಳಿಯಿತು. ಸಂಘದ ಪುಸ್ತಕದಲ್ಲಿ ಸುಸ್ತಿ ಎಂದರೆ ಬಾಕಿ. ಮನೆಯಲ್ಲಿ ಆಕೆಯ ಸುಸ್ತೂ ಹಾಗೇ ಉಳಿಯಿತು. ಅಂಥವರಲ್ಲಿ ಎಷ್ಟು ಮಂದಿಗೆ ಖರೇವಂದ್ರೂ ಆಪರೇಷನ್ ಬೇಕಾಗಿತ್ತು, ಎಷ್ಟು ಮಂದಿಗೆ ಅದು ವಯಸ್ಸಿನ ಸಹಜ ಬದಲಾವಣೆಯಾಗಿತ್ತು ಎಂಬುದನ್ನು ಯಾರೂ ಕೂತು ವಿಚಾರಿಸಲಿಲ್ಲ.

ನಮ್ಮದು ಎಸ್.ಎಸ್.ಎಲ್.ಸಿ. ವಿದ್ಯೆ. ಡಾಕ್ಟರಕಿ ನಮಗೆ ಬರುವುದಿಲ್ಲ. ಆರೋಗ್ಯ ಶಿಬಿರಗಳಲ್ಲಿ ಲೇಡಿ ಡಾಕ್ಟರುಗಳು, ಸಿಸ್ಟರುಗಳು ತಿಳಿಸಿ ಹೇಳಿದ್ದನ್ನು, ಓದಿ ತಿಳಿದದ್ದನ್ನು, ನಮ್ಮ ಓಣಿಯ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಹೇಳಿಕೊಂಡದ್ದನ್ನು ಕೂಡಿಸಿ ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ಒಂದು ಮಾತು. ಮುಟ್ಟು ನಿಲ್ಲುವುದು ಜಡ್ಡಲ್ಲ. ಗರ್ಭಚೀಲದ ಎರಡು ಮಗ್ಗುಲಿಗೆ ಎರಡು ಅಂಡಾಶಯಗಳಿವೆ. ಅವುಗಳಲ್ಲಿ ಹುಟ್ಟುವಾಗ ಇದ್ದಷ್ಟೇ ತತ್ತಿಗಳು. ವಯಸ್ಸು ಏರಿದಂತೆ ಆ ಗಂಟು ಕರಗುತ್ತ ಬಂದು, ನಲವತ್ತು ದಾಟಿದ ಮೇಲೆ ತಳಕ್ಕೆ ಬರುತ್ತದೆ. ಆಗ ಈಸ್ಟ್ರೋಜನ್ ಎಂಬ ಹಾರ್ಮೋನು ಸರಿಯಾಗಿ ತಯಾರಾಗುವುದಿಲ್ಲ. ಒಂದು ತಿಂಗಳು ಹೆಚ್ಚು, ಇನ್ನೊಂದು ತಿಂಗಳು ಕಡಿಮೆ. ಕಾಲುವೆಯ ಕೊನೆಯ ಭಾಗದಲ್ಲಿ ಹೊಲ ಇದ್ದವರಿಗೆ ಇದು ಬೇಗ ತಿಳಿಯುತ್ತದೆ. ನೀರು ನಿಲ್ಲುವ ಮೊದಲು ಒಂದು ವಾರ ದಂಡೆ ತುಂಬಿ ಬರುತ್ತದೆ, ಮುಂದಿನ ವಾರ ಪಾದ ತೋಯುವಷ್ಟೂ ಇರುವುದಿಲ್ಲ. ಹೀಗೆ ಏರಿಳಿತ ಆಗುವ ಕಾಲ ಕೆಲವರಿಗೆ ಒಂದು ವರ್ಷ, ಬಹಳ ಮಂದಿಗೆ ನಾಲ್ಕು ವರ್ಷದ ಹತ್ತಿರ, ಕೆಲವರಿಗೆ ಅದಕ್ಕೂ ಹೆಚ್ಚು. ಗಾಬರಿ ಆಗುವುದು, ಮೋಸ ಹೋಗುವುದು ಈ ಕಾಲದಲ್ಲೇ.

ನಿಂತಿತು ಎಂದು ಯಾವಾಗ ಹೇಳಬೇಕು? ಕೊನೆಯ ಮುಟ್ಟಾದ ಮೇಲೆ ಪೂರ್ತಿ ಹನ್ನೆರಡು ತಿಂಗಳು ಒಂದು ಸಲವೂ ಆಗದಿದ್ದರೆ ನಿಂತಿತೆಂದು ಲೆಕ್ಕ. ಹನ್ನೊಂದನೇ ತಿಂಗಳಿಗೆ ಆಯಿತೋ, ಎಣಿಕೆ ಮತ್ತೆ ಒಂದರಿಂದ ಶುರು. ನಮ್ಮ ದೇಶದ ಹೆಣ್ಣುಮಕ್ಕಳಿಗೆ ಸರಾಸರಿ 46-47 ವರ್ಷಕ್ಕೆ ನಿಲ್ಲುತ್ತದೆ. ಯುರೋಪ್, ಅಮೆರಿಕದ ಕಡೆ 51ರ ಸುಮಾರಿಗೆ. ನಲವತ್ತರ ಒಳಗೇ ನಿಂತರೆ ಅದು ಸಹಜವಲ್ಲ, ಡಾಕ್ಟರಿಗೆ ತೋರಿಸಲೇಬೇಕು. ಆದರೆ ಇಲ್ಲೊಂದು ಪಜೀತಿ ಇದೆ. ನಮ್ಮಲ್ಲಿ ಎಷ್ಟೋ ಮಂದಿಗೆ ಸ್ವಂತ ವಯಸ್ಸು ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ ಒಂದನೇ ತಾರೀಖು ಬರೆದು ಅಂದಾಜಿನ ವರ್ಷ ಹಾಕಿರುತ್ತಾರೆ. ಹದಿನೈದು ಹದಿನಾರಕ್ಕೆ ಲಗ್ನವಾಗಿ, ಮೂವತ್ತೈದಕ್ಕೆ ಮೊಮ್ಮಗಳನ್ನು ಎತ್ತಿಕೊಂಡವಳು ತಾನು ಮುದುಕಿ ಎಂದೇ ತಿಳಿದಿರುತ್ತಾಳೆ. “ನನಗ ವಯಸ್ಸಾತು, ಇನ್ನ ಚೀಲ ಇದ್ದರೇನು, ಬಿಟ್ಟರೇನು” ಎನ್ನುತ್ತಾಳೆ. ಹಿರೇಮಗ ಹುಟ್ಟಿದ ವರ್ಷ, ಅವನ ಶಾಲೆಯ ದಾಖಲಾತಿ ಇಟ್ಟುಕೊಂಡು ನಿಮ್ಮ ಖರೆ ವಯಸ್ಸು ಲೆಕ್ಕ ಹಾಕಿಕೊಳ್ಳಿರಿ. ಡಾಕ್ಟರ ಮುಂದೆ ಇದು ಬಹಳ ಮುಖ್ಯ.

ಈಗ ಗುರುತುಗಳು. ಎಲ್ಲಕ್ಕಿಂತ ಮೊದಲು ಬದಲಾಗುವುದು ತಿಂಗಳ ಲೆಕ್ಕ. ಇಪ್ಪತ್ತೆಂಟು, ಮೂವತ್ತು ದಿನಕ್ಕೆ ತಪ್ಪದೆ ಆಗುತ್ತಿದ್ದವಳಿಗೆ ಇಪ್ಪತ್ತೆರಡಕ್ಕೇ ಆಗುತ್ತದೆ, ಮುಂದಿನ ಸಲ ನಲವತ್ತು ದಿನವಾದರೂ ಇಲ್ಲ. ವಾರದಷ್ಟು ಹಿಂದೆ-ಮುಂದೆ ಆಗುವುದು ಪದೇ ಪದೇ ನಡೆದರೆ ಕಾಲ ಬದಲಾಗುತ್ತಿದೆ ಎಂದು ತಿಳಿಯಬೇಕು. ಆಮೇಲೆ ಎರಡು ತಿಂಗಳು ಮೂರು ತಿಂಗಳು ಖಾಲಿ ಹೋಗುತ್ತವೆ. ಸ್ರಾವ ಒಮ್ಮೆ ಬರೀ ಕಲೆ ಕಂಡಷ್ಟು, ಒಮ್ಮೆ ಹೆಚ್ಚು. ಹೀಗಾಗಿ ನಾವು ಹೇಳುವುದೇನೆಂದರೆ, ಗೋಡೆಯ ಕ್ಯಾಲೆಂಡರಿನ ಮೇಲೆ ಆದ ದಿನ ಒಂದು ಗುಂಡು ಗೀಟು, ನಿಂತ ದಿನ ಒಂದು ಅಡ್ಡ ಗೀಟು ಹಾಕಿರಿ. ಓದು ಬರದಿದ್ದರೂ ಇದಕ್ಕೆ ಅಡ್ಡಿಯಿಲ್ಲ. ಹಾಲಿನವನ ಲೆಕ್ಕಕ್ಕೆ ಗೀಟು ಹಾಕುತ್ತೇವೆ, ಕೂಲಿಯ ಲೆಕ್ಕಕ್ಕೆ ಹಾಕುತ್ತೇವೆ, ನಮ್ಮ ಮೈಯ ಲೆಕ್ಕಕ್ಕೆ ಮಾತ್ರ ಇಲ್ಲ. ಆರು ತಿಂಗಳ ಗೀಟು ತೋರಿಸಿದರೆ ಡಾಕ್ಟರಿಗೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ.

ಎರಡನೆಯದು ಝಳ. ಇದ್ದಕ್ಕಿದ್ದಂತೆ ಎದೆಯಿಂದ ಕುತ್ತಿಗೆಗೆ, ಮುಖಕ್ಕೆ ಕಾವು ಏರುತ್ತದೆ, ಬೆವರು ಕಿತ್ತು ಬರುತ್ತದೆ, ಎದೆ ಢವಢವ ಎನ್ನುತ್ತದೆ, ಎರಡು-ಮೂರು ನಿಮಿಷಕ್ಕೆ ಇಳಿದು ಮೈ ತಣ್ಣಗಾಗುತ್ತದೆ. ನಮ್ಮ ಶಹಾಪುರ-ಸುರಪುರ ಸೀಮೆಯಲ್ಲಿ ಬಿಸಿಲು ನಲವತ್ತೆರಡು ಡಿಗ್ರಿ ದಾಟುವುದರಿಂದ, ಇದನ್ನು ಬಿಸಿಲಿನ ಧಗೆ ಎಂದೇ ತಿಳಿದು ಮಜ್ಜಿಗೆ ಕುಡಿದು ಸುಮ್ಮನಾಗುತ್ತೇವೆ. ನಮಗೂ ಈಗ ನಲವತ್ತಾರು ನಡೆದಿದೆ. ಎಳ್ಳ ಅಮಾವಾಸ್ಯೆಯ ಥಂಡಿಯಲ್ಲಿ, ಮನೆಮಂದಿಯೆಲ್ಲ ಕೌದಿ ಹೊದ್ದು ಮಲಗಿದ್ದಾಗ ನಾವು ಬೆವರಿನಿಂದ ಕುಪ್ಪಸ ತೋಯ್ದು ಎದ್ದು ಕೂತೆವು. ಬಿಸಿಲಿನ ಧಗೆ ನೆರಳಿಗೆ ಬಂದರೆ ಇಳಿಯುತ್ತದೆ, ಇದು ಹಾಗಲ್ಲ, ನೆರಳಿನಲ್ಲೂ ನಡುರಾತ್ರಿಯಲ್ಲೂ ಬರುತ್ತದೆ. ಒಂದು ಎಚ್ಚರ. ರಾತ್ರಿ ಬೆವರಿನ ಜೊತೆ ಸಂಜೆ ಜ್ವರ, ಎರಡು ವಾರ ಮೀರಿದ ಕೆಮ್ಮು, ತೂಕ ಇಳಿಯುವುದು ಇದ್ದರೆ ಅದನ್ನು ಮುಟ್ಟಿನ ಲೆಕ್ಕಕ್ಕೆ ಹಾಕಬೇಡಿರಿ. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಕಫ ಪರೀಕ್ಷೆ ಇದೆ, ಟಿ.ಬಿ. ಇದೆಯೋ ಇಲ್ಲವೋ ಮೊದಲು ನೋಡಿಸಿರಿ.

ಇನ್ನು ನಿದ್ದೆ. ರಾತ್ರಿ ಎರಡಕ್ಕೋ ಮೂರಕ್ಕೋ ಎಚ್ಚರಾಗಿ ಮತ್ತೆ ಕಣ್ಣು ಹತ್ತುವುದಿಲ್ಲ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು ಹತ್ತಿ ಬಿಡಿಸಲು, ಸಸಿ ಹಚ್ಚಲು ಹೋಗಬೇಕಾದವಳಿಗೆ ನಿದ್ದೆ ಇಲ್ಲದಿದ್ದರೆ ಏನಾಗಬೇಡ? ಸಣ್ಣ ಮಾತಿಗೆ ಸಿಟ್ಟು, ಕಾರಣ ಇಲ್ಲದೆ ಅಳು. ಉಪ್ಪು ಹಾಕಿದೆನೋ ಇಲ್ಲವೋ ಎಂಬ ಮರೆವು. ಅತ್ತೆಗೆ ದೆವ್ವ ಮೆಟ್ಟಿದೆ ಎಂದು ಸೊಸೆ, ಸೊಸೆ ಬಂದ ಮೇಲೆ ಅವ್ವ ಕೆಟ್ಟಳು ಎಂದು ಮಗ ಅನ್ನುವ ಮನೆಗಳನ್ನು ನಾವು ಬಲ್ಲೆವು. ತಾಯತ ಕಟ್ಟಿಸಿದ್ದೂ ಉಂಟು. ಕೀಲು ನೋವು, ಮೇಲಿಂದ ಮೇಲೆ ಮೂತ್ರಕ್ಕೆ ಹೋಗುವುದು, ಉರಿ, ಒಳಗೆ ಒಣಗಿ ಗಂಡನ ಜೊತೆ ಸೇರಿದಾಗ ನೋವು, ಇವು ಕೂಡ ಈ ಕಾಲಕ್ಕೆ ಬರುತ್ತವೆ. ಕೊನೆಯದನ್ನು ಹೆಂಗಸರು ಯಾರ ಮುಂದೆಯೂ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ನಾವೇ ಹೇಳಿಬಿಟ್ಟೆವು. ಇದಕ್ಕೆ ಔಷಧವಿದೆ.

ಎಲ್ಲರಿಗೂ ಎಲ್ಲವೂ ಆಗಬೇಕೆಂದಿಲ್ಲ. ನಮ್ಮ ವಾರಿಗೆಯವರಲ್ಲೇ ಏನೂ ತ್ರಾಸಿಲ್ಲದೆ ನಿಂತವರಿದ್ದಾರೆ.

ಕೆಲವು ತಪ್ಪು ತಿಳಿವಳಿಕೆಗಳನ್ನು ಇಲ್ಲೇ ಬಿಡಿಸಬೇಕು. “ಮಕ್ಕಳಾಗದಂಗ ಆಪರೇಷನ್ ಮಾಡಿಸಿದ್ದಕ್ಕ ಹಿಂಗ ಆಗ್ತದ” ಎಂದು ಬಹಳ ಮಂದಿ ಅನ್ನುತ್ತಾರೆ. ಆ ಆಪರೇಷನ್ನಿನಲ್ಲಿ ತತ್ತಿ ಬರುವ ನಾಳವನ್ನಷ್ಟೇ ಕಟ್ಟುತ್ತಾರೆ. ಅಂಡಾಶಯ ತನ್ನ ಕೆಲಸ ನಡೆಸಿಯೇ ಇರುತ್ತದೆ. ಮುಟ್ಟು ನಿಲ್ಲುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು, ಮುಟ್ಟು ತಪ್ಪಲು ಶುರುವಾಯಿತು, ಇನ್ನು ಬಸಿರಾಗುವುದಿಲ್ಲ ಎಂಬ ಧೈರ್ಯ. ಹನ್ನೆರಡು ತಿಂಗಳು ತುಂಬುವ ತನಕ ಬಸಿರಾಗುವ ಸಂಭವ ಇದ್ದೇ ಇದೆ. ಆಪರೇಷನ್ ಆಗದವರು ಮುಟ್ಟು ತಪ್ಪಿದರೆ ಮೊದಲು ಆಶಾ ಅಕ್ಕನ ಹತ್ತಿರ ಮೂತ್ರ ಪರೀಕ್ಷೆಯ ಪಟ್ಟಿ ಕೇಳಿರಿ. ಮಗಳ ಬಾಣಂತನದ ವೇಳೆಗೆ ಅವ್ವನೂ ಬಸಿರಾಗಿ ನಾಚಿಕೊಂಡ ಸಂಗತಿ ಹಳ್ಳಿಗಳಲ್ಲಿ ಹೊಸದೇನಲ್ಲ. ಥೈರಾಯ್ಡ್ ತೊಂದರೆ ಇದ್ದರೂ ಮುಟ್ಟು ಏರುಪೇರಾಗುತ್ತದೆ, ರಕ್ತಹೀನತೆ ಇದ್ದರೂ ಸುಸ್ತು, ಎದೆ ಬಡಿತ ಆಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಆದಕಾರಣ ಮೊದಲು ರಕ್ತ ಪರೀಕ್ಷೆ, ಆಮೇಲೆ ಉಳಿದ ಮಾತು.

ಈಗ ನಾವು ಹೇಳಲು ಎದ್ದ ಮುಖ್ಯ ವಿಷಯಕ್ಕೆ ಬರುತ್ತೇವೆ. ನಮ್ಮ ಯಾದಗಿರಿ 2009ರ ತನಕ ಗುಲಬರ್ಗಾ ಜಿಲ್ಲೆಯಲ್ಲೇ ಇತ್ತು. ಇವತ್ತಿಗೂ ದೊಡ್ಡ ಬ್ಯಾನಿಗೆ ನಾವು ಕಲಬುರಗಿಗೇ ಓಡುವವರು. ಅದೇ ಕಲಬುರಗಿಯಲ್ಲಿ 2015ರಲ್ಲಿ ಒಂದು ಸಂಗತಿ ಬಯಲಿಗೆ ಬಂತು. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಕೇರಿಯ ಬಡ ಹೆಣ್ಣುಮಕ್ಕಳು ಹೊಟ್ಟೆನೋವು, ಟೊಂಕ ನೋವು, ಬಿಳಿ ಸೆರಗು ಎಂದು ದವಾಖಾನೆಗೆ ಹೋಗಿದ್ದರು. ಅವರಿಗೆ ಕ್ಯಾನ್ಸರಿನ ಭಯ ಹಾಕಿ ಗರ್ಭಚೀಲ ತೆಗೆಯಲಾಗಿತ್ತು. ಮಹಿಳಾ ಸಂಘಟನೆಗಳು, ಜನಾರೋಗ್ಯದ ಕಾರ್ಯಕರ್ತರು ಕೂಗೆಬ್ಬಿಸಿದ ಮೇಲೆ ಸರ್ಕಾರದ ತನಿಖೆ ನಡೆಯಿತು. ಬರೇ ನಾಲ್ಕು ಖಾಸಗಿ ಆಸ್ಪತ್ರೆಗಳಲ್ಲಿ ಎರಡೂವರೆ ವರ್ಷದೊಳಗೆ 2,258 ಹೆಂಗಸರ ಗರ್ಭಚೀಲ ತೆಗೆದದ್ದು ಲೆಕ್ಕಕ್ಕೆ ಸಿಕ್ಕಿತು. ನಲವತ್ತು ತುಂಬದವರೂ ಅವರಲ್ಲಿ ಬಹಳ ಮಂದಿ. ಆ ಆಸ್ಪತ್ರೆಗಳ ಲೈಸೆನ್ಸ್ ರದ್ದು ಮಾಡಲು ಆದೇಶವಾಯಿತು. ಆದರೂ ನ್ಯಾಯ ಸಿಗಲಿಲ್ಲವೆಂದು 2017ರ ಫೆಬ್ರುವರಿಯಲ್ಲಿ ಆ ಹೆಣ್ಣುಮಕ್ಕಳು ಕಲಬುರಗಿಯಲ್ಲಿ ಬೀದಿಗೆ ಇಳಿದರು. ಚೀಲ ಹೋದ ಮೇಲೆ ಟೊಂಕ ಎತ್ತಲಾಗುವುದಿಲ್ಲ, ಕೂಲಿಗೆ ಹೋಗಲಾಗುವುದಿಲ್ಲ ಎಂದು ಹೇಳಿಕೊಂಡರು. ಓದಿಲ್ಲದವರು ಮೋಸ ಹೋದರು ಎಂದು ನಾವು ಸುಲಭಕ್ಕೆ ಅಂದುಬಿಡುತ್ತೇವೆ. ನಮ್ಮ ಅಭಿಪ್ರಾಯ ಬೇರೆ. ಡಾಕ್ಟರರ ಬಾಯಿಂದ ಕ್ಯಾನ್ಸರ್ ಎಂಬ ಶಬ್ದ ಬಿದ್ದರೆ ಓದಿದವರ ಎದೆಯೂ ಒಡೆಯುತ್ತದೆ. ಮುಟ್ಟಿನ ಏರುಪೇರು ಯಾಕಾಗುತ್ತದೆ ಎಂದು ಆ ಅಕ್ಕಂದಿರಿಗೆ ಮೊದಲೇ ಯಾರೂ ಹೇಳಿರಲಿಲ್ಲ.

ಇದು ಒಂದು ಊರಿನ ಮಾತೂ ಅಲ್ಲ. ನಮ್ಮ ಹಾಗೇ ಹಿಂದೆ ನಿಜಾಮರ ರಾಜ್ಯದಲ್ಲಿದ್ದ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ, ಕಬ್ಬು ಕಡಿಯುವ ಹೆಂಗಸರಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿ ಚೀಲ ತೆಗೆಸಿಕೊಂಡದ್ದು 2019ರಲ್ಲಿ ಹೊರಗೆ ಬಂತು. ಮುಟ್ಟಾದರೆ ಕೂಲಿ ತಪ್ಪುತ್ತದೆ ಎಂಬುದೂ ಅಲ್ಲಿ ಒಂದು ಕಾರಣ. ಪಕ್ಕದ ಆಂಧ್ರ, ತೆಲಂಗಾಣ ಈ ಆಪರೇಷನ್ನಿನಲ್ಲಿ ದೇಶಕ್ಕೇ ಮುಂದೆ. ಬಿಹಾರ, ಛತ್ತೀಸಗಡ, ರಾಜಸ್ಥಾನದ ಇಂಥವೇ ದೂರುಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. 2023ರ ಏಪ್ರಿಲ್‌ನಲ್ಲಿ ಕೋರ್ಟು, ಕೇಂದ್ರ ಸರ್ಕಾರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡಬೇಕೆಂದು ಹೇಳಿತು.

ನಮ್ಮಲ್ಲಿ ಕೆಲವು ಅಕ್ಕಂದಿರು ತಾವಾಗಿಯೇ ಆಸೆಪಡುತ್ತಾರೆ. “ತೆಗೆಸಿಬಿಟ್ರ ಕಟಕಟಿ ಹೋಗ್ತದ, ಹೊರಗ ಕೂಡೂದು ತಪ್ತದ, ದೇವರ ಕೆಲಸಕ್ಕ ಅಡ್ಡಿ ಇಲ್ಲ” ಎನ್ನುತ್ತಾರೆ. ಯವ್ವಾ, ಎರಡು-ಮೂರು ವರ್ಷ ತಡೆದರೆ ತಾನಾಗಿ ನಿಲ್ಲುವುದನ್ನು ರೊಕ್ಕ ಕೊಟ್ಟು ಯಾಕೆ ಕೊಯ್ಯಿಸಿಕೊಳ್ಳಬೇಕು? ಚೀಲದ ಜೊತೆ ಅಂಡಾಶಯಗಳನ್ನೂ ತೆಗೆದರೆ ಹಾರ್ಮೋನು ಒಂದೇ ದಿನಕ್ಕೆ ನಿಂತುಹೋಗುತ್ತದೆ. ನಾಲ್ಕು ವರ್ಷದಲ್ಲಿ ನಿಧಾನವಾಗಿ ಆಗಬೇಕಾದದ್ದು ಒಮ್ಮೆಲೇ ಬಂದು ಎರಗುತ್ತದೆ. ಝಳ ಹೆಚ್ಚು, ಎಲುಬು ಬೇಗ ಸವೆಯುತ್ತವೆ, ಸಣ್ಣ ವಯಸ್ಸಿನವರಿಗೆ ಹೃದಯದ ತೊಂದರೆಯ ಭಯವೂ ಹೆಚ್ಚು. ಅಂಡಾಶಯ ಉಳಿಸಿದರೂ ಕೆಲವರಿಗೆ ಅದರ ಕೆಲಸ ಬೇಗ ನಿಲ್ಲುತ್ತದೆ.

ಹಾಗೆಂದು ಆಪರೇಷನ್ನೇ ಬೇಡ ಎಂದು ನಾವು ಹೇಳುತ್ತಿಲ್ಲ. ಈ ಮಾತನ್ನು ಅರ್ಧ ಕೇಳಿ ಮನೆಗೆ ಹೋಗಬೇಡ್ರಿ. ಕ್ಯಾನ್ಸರ್ ಇದ್ದರೆ, ದೊಡ್ಡ ಗಡ್ಡೆಯಿಂದ ತ್ರಾಸಿದ್ದರೆ, ಔಷಧಕ್ಕೆ ಬಗ್ಗದ ರಕ್ತಸ್ರಾವ ಇದ್ದರೆ ತೆಗೆಸಲೇಬೇಕಾಗಬಹುದು. ಮುಟ್ಟು ನಿಲ್ಲುವ ಕಾಲ ಎಂದು ಸುಮ್ಮನೆ ಕೂತು ಜೀವ ಕಳೆದುಕೊಂಡವರೂ ಇದ್ದಾರೆ. ಎಲ್ಲಕ್ಕಿಂತ ದೊಡ್ಡ ಗುರುತು ಇದು: ಹನ್ನೆರಡು ತಿಂಗಳು ಪೂರ್ತಿ ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಒಂದೇ ಹನಿಯಾದರೂ ಸರಿ, ಅದೇ ವಾರ ಡಾಕ್ಟರ ಹತ್ತಿರ ಹೋಗಬೇಕು. “ಮತ್ತ ಹರೇ ಬಂತು” ಎಂದು ನಗೆಯಾಡಿ ಬಿಡುವ ಮಾತಲ್ಲ. ನಡು ತಿಂಗಳಲ್ಲಿ ರಕ್ತ, ಗಂಡನ ಜೊತೆ ಸೇರಿದ ಮೇಲೆ ರಕ್ತ, ಏಳು ದಿನ ಮೀರಿದ ಸ್ರಾವ, ತಾಸಿಗೊಂದು ಬಟ್ಟೆ ಬದಲಿಸಬೇಕಾಗುವುದು, ದೊಡ್ಡ ಗರಣಿ ಬೀಳುವುದು, ನಾರುವ ಸೆರಗು, ಮೊಲೆಯಲ್ಲಿ ಗಂಟು, ಇವು ಯಾವುವೂ ವಯಸ್ಸಿನ ಗುರುತು ಎಂದು ಬಿಡತಕ್ಕವಲ್ಲ. ಗರ್ಭಚೀಲದ ಬಾಯಿಯ ಕ್ಯಾನ್ಸರು ನಮ್ಮ ದೇಶದ ಹೆಂಗಸರಲ್ಲಿ ಎರಡನೇ ಸ್ಥಾನದಲ್ಲಿದೆ. ಅದನ್ನು ಮೊದಲೇ ಹಿಡಿಯಲು ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಇದೆ. ಹುಳಿದ್ರಾವಣ ಹಚ್ಚಿ ಕಣ್ಣಿನಿಂದ ನೋಡುತ್ತಾರೆ, ಐದು-ಹತ್ತು ನಿಮಿಷದ ಕೆಲಸ, ಕೊಯ್ಯುವುದಿಲ್ಲ. ನಾಚಿಕೆಯೊಂದೇ ಅಡ್ಡಿ.

ಯಾವುದಾದರೂ ದವಾಖಾನೆಯಲ್ಲಿ ಚೀಲ ತೆಗೆಸಿರಿ ಎಂದರೆ ಅಲ್ಲೇ ಹೆಬ್ಬೆಟ್ಟು ಒತ್ತಬೇಡಿರಿ. ನಮ್ಮ ಬ್ಯಾನಿಯ ಹೆಸರೇನು, ಚೀಟಿಯ ಮೇಲೆ ಬರೆದುಕೊಡ್ರಿ ಎಂದು ಕೇಳಿರಿ. ಕ್ಯಾನ್ಸರ್ ಎಂದರೆ, ಒಳಗಿನ ಚೂರು ತೆಗೆದು ಪರೀಕ್ಷೆ ಮಾಡಿದ ವರದಿ ಎಲ್ಲಿ ಎಂದು ಕೇಳಿರಿ. ಸ್ಕ್ಯಾನಿಂಗ್ ಫೋಟೋ ಒಂದರಿಂದ ಕ್ಯಾನ್ಸರ್ ಖಾತ್ರಿಯಾಗುವುದಿಲ್ಲ. ಗುಳಿಗೆಯಿಂದ ಆಗುವುದಿಲ್ಲವೇ ಎಂದು ಕೇಳಿರಿ. ಹೆಚ್ಚು ರಕ್ತ ಹೋಗುವುದನ್ನು ತಡೆಯಲು ಗುಳಿಗೆಗಳಿವೆ, ಚೀಲದೊಳಗೆ ಇಡುವ ಹಾರ್ಮೋನಿನ ಸಾಧನವೂ ಇದೆ. ಅಂಡಾಶಯ ಉಳಿಸುತ್ತೀರೋ ತೆಗೆಯುತ್ತೀರೋ ಎಂಬುದನ್ನೂ ಕೇಳಿರಿ. ಆಮೇಲೆ ಶಹಾಪುರದ ಸರ್ಕಾರಿ ದವಾಖಾನೆಗೋ, ಯಾದಗಿರಿಗೋ ಹೋಗಿ ಎರಡನೇ ಡಾಕ್ಟರಿಗೆ ಅದೇ ಕಾಗದ ತೋರಿಸಿರಿ. ಎತ್ತು ಕೊಳ್ಳುವಾಗ ನಾಲ್ಕು ಮಂದಿಗೆ ಹಲ್ಲು ತೋರಿಸುತ್ತೇವಲ್ಲ! ಡಾಕ್ಟರು ಸಿಟ್ಟಾಗುತ್ತಾರೆ ಎಂಬ ಅಂಜಿಕೆ ಬೇಡ. ಒಳ್ಳೆಯ ಡಾಕ್ಟರು ಕೇಳಿದ್ದಕ್ಕೆ ಹೇಳುತ್ತಾರೆ, ಅಂಥವರು ನಮ್ಮ ಭಾಗದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಝಳಕ್ಕೆ ಹಾರ್ಮೋನಿನ ಗುಳಿಗೆ ಚಲೋ ಕೆಲಸ ಮಾಡುತ್ತದೆ. ಆದರೆ ಮೊಲೆಯ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಕೂಡದು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ನುಂಗುವುದು, ಊರಿನ ಸೂಜಿ ಡಾಕ್ಟರ ಕಡೆ ಚುಚ್ಚಿಸಿಕೊಳ್ಳುವುದು ಮಾಡಬಾರದು. ಹಗುರಾದ ತ್ರಾಸಿಗೆ ಅರಿವೆಯ ಸೀರೆ, ಬೇಕಾದಷ್ಟು ನೀರು, ಚಹಾ-ಖಾರ ಕಡಿಮೆ ಇಷ್ಟು ಸಾಕಾಗಬಹುದು. ಎಲುಬಿನ ಸಲುವಾಗಿ ಎಳ್ಳಿನ ಹಿಂಡಿ, ಸೊಪ್ಪಿನ ಪಲ್ಯ, ಹಾಲು-ಮಜ್ಜಿಗೆ ತಪ್ಪಿಸಬಾರದು. ಎಮ್ಮೆ ಕಟ್ಟಿ ಹಾಲೆಲ್ಲ ಡೈರಿಗೆ ಹಾಕಿ ತಾನು ಕರಿ ಚಹಾ ಕುಡಿಯುವ ಅಕ್ಕಂದಿರು ಈ ಸಭೆಯಲ್ಲೇ ಇದ್ದಾರೆ, ನಮಗೆ ಗೊತ್ತಿದೆ. ತಂಬಾಕು ಬಿಡ್ರಿ.

ಅಣ್ಣ-ತಮ್ಮಂದಿರಿಗೆ ಒಂದೇ ಮಾತು. ನಲವತ್ತೈದರ ಹೆಂಡತಿ ರಾತ್ರಿ ಎದ್ದು ಕೂತರೆ, ಮಾತಿಗೆ ಸಿಡುಕಿದರೆ, ಸೊಕ್ಕು ಬಂದಿದೆ ಎನ್ನಬೇಡಿರಿ. ಏನಾಗ್ತದ ಎಂದು ಕೇಳಿರಿ. ದವಾಖಾನೆಗೆ ಜೊತೆಗೆ ಹೋಗಿರಿ, ಹೊರಗೆ ಬೀಡಿ ಸೇದುತ್ತ ನಿಲ್ಲದೆ ಒಳಗೆ ಹೋಗಿ ಡಾಕ್ಟರ ಮಾತು ಕೇಳಿರಿ.

ಕೊನೆಗೆ ಸಂಘದ ವಿಷಯ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆದಿದೆ. ನೋಂದಣಿ ಸಂಘದ ಮೂಲಕವೇ ಆಗುತ್ತದೆ. ಗಂಡನ ಹೆಸರು, ಮಕ್ಕಳ ಹೆಸರು ಬರೆಸಿ ಹೆಂಗಸರ ಹೆಸರು ಬಿಟ್ಟ ಅರ್ಜಿಗಳು ನಮ್ಮ ಕಣ್ಣಿಗೆ ಬಿದ್ದಿವೆ, ಹಾಗೆ ಮಾಡಬೇಡಿರಿ. ಕಾರ್ಡಿದೆ, ಪುಕ್ಕಟೆ ಆಗುತ್ತದೆ ಎಂದು ಬೇಡದ ಆಪರೇಷನ್ನಿಗೂ ಹೋಗಬೇಡಿರಿ. ಆಪರೇಷನ್ ಖರ್ಚಿಗೆ ಸಾಲ ಬೇಕೆಂದು ಬರುವವರು ಅರ್ಜಿಗಿಂತ ಮೊದಲು ನಮ್ಮ ಮನೆಗೆ ಬರ್ರಿ, ಎರಡನೇ ಡಾಕ್ಟರ ಹತ್ತಿರ ನಾವೇ ಜೊತೆಗೆ ಬರುತ್ತೇವೆ, ಬಸ್ಸಿನ ಖರ್ಚೂ ಇಲ್ಲ, ಶಕ್ತಿ ಯೋಜನೆ ಇದ್ದೇ ಇದೆ.

ಆರೋಗ್ಯ ಕೇಂದ್ರದ ಸಿಸ್ಟರ್ ಅಕ್ಕ ಗೋದಾಮಿನ ಪಕ್ಕದ ಕೋಣೆಯಲ್ಲಿ ರಕ್ತ ಪರೀಕ್ಷೆಗೆ ಕೂತಿದ್ದಾರೆ. ಊಟಕ್ಕೆ ಕೂಡುವ ಮೊದಲು ನಲವತ್ತು ದಾಟಿದವರೆಲ್ಲ ಅಲ್ಲಿಗೆ ಹೋಗಿ ಹೆಸರು ಬರೆಸಿರಿ. ಗಂಡಸರು ಅಷ್ಟೊತ್ತು ಪಂಕ್ತಿಯಲ್ಲಿ ಎಲೆ ಹಾಕಲಿ.